ಬಿಷ್ಣುಪುರ, ಜಯರಾಮವಾಟಿ, ಕಾಮಾರಪುಕುರ: ಹೋಗಿಬಂದವರು ದಯವಿಟ್ಟು ತಿಳಿಸಿ

ಕೇಳಿದವರು: ಅಪ್ಪ, ಅಮ್ಮ ಇಬ್ಬರೂ ಅರವತ್ತೈದು ದಾಟಿದವರು. ಪಶ್ಚಿಮ ಬಂಗಾಳದಲ್ಲಿರುವ, ಶ್ರೀಮಾತೆ ಶಾರದಾದೇವಿಯವರ ಜಯರಾಮವಾಟಿ, ರಾಮಕೃಷ್ಣ ಪರಮಹಂಸರ ಕಾಮಾರಪುಕುರ ನೋಡಬೇಕೆಂಬುದು ಅವರ ಆಸೆ. ಹತ್ತಿರದಲ್ಲೇ ಇರುವ ಬಿಷ್ಣುಪುರದ ಟೆರಾಕೋಟಾ (ಸುಟ್ಟ ಜೇಡಿಮಣ್ಣಿನ) ಗುಡಿಗಳನ್ನೂ ಸೇರಿಸಿಕೊಳ್ಳಬಹುದೇ? ಬೆಂಗಳೂರಿನಿಂದ ರೈಲಿನಲ್ಲಿ ಹೊರಡುತ್ತೇವೆ.

ಖರಗ್‌ಪುರದ ಕನ್ನಡಿಗ: ಹೌರಾ ತನಕ ಹೋಗಿ ಹಿಂದಕ್ಕೆ ಬರುವ ಶ್ರಮ ಬೇಡ. ಖರಗ್‌ಪುರದಲ್ಲಿ ನಿಲ್ಲುವ ರೈಲಿಗೇ ಟಿಕೆಟ್ ಮಾಡಿಸಿ, ಅಲ್ಲೇ ಇಳಿಯಿರಿ. ಮೇದಿನೀಪುರ, ಬಾಂಕುರಾ ಮೂಲಕ ಆದ್ರಾಕ್ಕೆ ಹೋಗುವ ಮಾರ್ಗದಲ್ಲೇ ಬಿಷ್ಣುಪುರ ಸಿಗುತ್ತದೆ. ಸಂತ್ರಾಗಾಚಿಯಿಂದ ಬರುವ ರೂಪಸಿ ಬಾಂಗ್ಲಾ, ಹೌರಾದಿಂದ ಬರುವ ಪುರುಲಿಯಾ ಎಕ್ಸ್‌ಪ್ರೆಸ್ ಎರಡೂ ಈ ದಾರಿಯವೇ. ಬೆಂಗಳೂರಿನ ಗಾಡಿ ತಡವಾಗುವುದುಂಟು, ಅದಕ್ಕೂ ಬಿಷ್ಣುಪುರದ ಗಾಡಿಗೂ ನಡುವೆ ಮೂರು ನಾಲ್ಕು ಗಂಟೆ ಬಿಡುವಿರಲಿ.

ಗುಡಿಗಳ ಆಸಕ್ತರು: ಬಿಷ್ಣುಪುರಕ್ಕೆ ಒಂದು ಪೂರ್ತಿ ದಿನ ಕೊಡಿ, ಅರ್ಧ ದಿನ ಸಾಲದು. ಸ್ಟೇಷನ್ನಿನಲ್ಲಿ ಟೋಟೊ (ಬ್ಯಾಟರಿ ರಿಕ್ಷಾ) ಹಿಡಿದು, ನೋಡಬೇಕಾದ ಗುಡಿಗಳ ಹೆಸರನ್ನೆಲ್ಲ ಹೇಳಿ ಒಟ್ಟು ದರ ಮಾತಾಡಿಕೊಳ್ಳಿ. "ಎಲ್ಲಾ ತೋರಿಸುತ್ತೇನೆ" ಎಂಬ ಮಾತಿಗೆ ಒಪ್ಪಿದರೆ ನಾಲ್ಕು ಗುಡಿಗೆ ಮುಗಿದುಹೋಗುತ್ತದೆ.

ಮೊದಲು ರಾಸಮಂಚ. ಬಿಷ್ಣುಪುರವನ್ನು ಆಳಿದ ಮಲ್ಲ ವಂಶದ ರಾಜ ಬೀರ ಹಂಬೀರ 1600ರ ಸುಮಾರಿಗೆ ಕಟ್ಟಿಸಿದ್ದು. ಒಳಗೆ ಮೂರ್ತಿಯಿಲ್ಲ, ಕೃಷ್ಣನ ರಾಸೋತ್ಸವದಲ್ಲಿ ಊರಿನ ದೇವರುಗಳನ್ನು ತಂದು ಕೂರಿಸುತ್ತಿದ್ದ ಮಂಟಪ ಅದು. ಇಲ್ಲಿ ಕೊಂಡ ಪುರಾತತ್ವ ಇಲಾಖೆಯ ಟಿಕೆಟ್ಟನ್ನು ಎಸೆಯಬೇಡಿ, ಶ್ಯಾಮರಾಯ್ (1643) ಮತ್ತು ಜೋಡ್ ಬಾಂಗ್ಲಾ (1655) ಗುಡಿಗಳಲ್ಲೂ ಅದನ್ನೇ ಕೇಳುತ್ತಾರೆ.

ಹೆಚ್ಚು ಹೊತ್ತು ಬೇಕಾದದ್ದು ಈ ಎರಡಕ್ಕೇ. ಕಟ್ಟಡಕ್ಕೆ ಒಳ್ಳೆಯ ಕಲ್ಲು ಸಿಗದ ನಾಡು. ಹಾಗಾಗಿ ನಮ್ಮಲ್ಲಿ ಬಳಪದ ಕಲ್ಲಿನಲ್ಲಿ ಮೂಡಿದ್ದು ಇಲ್ಲಿ ಸುಟ್ಟ ಜೇಡಿಮಣ್ಣಿನ ಫಲಕಗಳಲ್ಲಿ ಮೂಡಿದೆ. ಜೋಡ್ ಬಾಂಗ್ಲಾದಲ್ಲಿ ಎರಡು ಬಂಗಾಳಿ ಗುಡಿಸಲುಗಳನ್ನು ಜೋಡಿಸಿ ನಡುವೆ ಗೋಪುರ ಇಟ್ಟಿದ್ದಾರೆ. ಶರಶಯ್ಯೆಯ ಭೀಷ್ಮ, ದೋಣಿಗಳು, ಬೇಟೆ ಎಲ್ಲ ಗೋಡೆಯ ಮೇಲಿವೆ. ಶ್ಯಾಮರಾಯ್‌ನಲ್ಲಿ ರಾಸಮಂಡಲದ (ಕೃಷ್ಣ, ಗೋಪಿಯರ ನೃತ್ಯದ) ವೃತ್ತವನ್ನು ಹುಡುಕಿ ನೋಡಿ. ಉಬ್ಬು ತೀರಾ ತೆಳುವಾದ್ದರಿಂದ ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆಯ ಓರೆಬೆಳಕು ಬೇಕು. ಫಲಕಗಳನ್ನು ಮುಟ್ಟಲೇಬೇಡಿ, ಕೈತಾಗಿ ಸವೆಯುವ ಮಣ್ಣು ಅದು.

ಮದನಮೋಹನ ಗುಡಿಯಲ್ಲಿ (1694) ಇಂದಿಗೂ ಪೂಜೆಯಿದೆ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಚಪ್ಪಲಿ ಬಿಡಬೇಕಾದ ಕಡೆ ನೆಲ ಸುಡುತ್ತದೆ, ಹಿರಿಯರಿಗೆ ದಪ್ಪ ಕಾಲುಚೀಲ ಇರಲಿ.

ಆಶ್ರಮದ ಭಕ್ತೆ: ಬಿಷ್ಣುಪುರದಿಂದ ಜಯರಾಮವಾಟಿಗೆ ಕೋತುಲಪುರದ ಮೇಲೆ ಸುಮಾರು 45 ಕಿ.ಮೀ. ಬಸ್ಸು ಇದೆ, ಆದರೆ ಹಿರಿಯರಿದ್ದಾರಲ್ಲ, ಕಾರು ಮಾಡಿ. ದಾರಿಯಲ್ಲಿ ಕೋಯಲಪಾಡಾದ ಆಶ್ರಮದಲ್ಲಿ ಇಳಿಯಿರಿ. ಕೋಲ್ಕತ್ತಕ್ಕೆ ಹೋಗಿಬರುವಾಗ ಶ್ರೀಮಾತೆ ತಂಗುತ್ತಿದ್ದ ಜಾಗ ಅದು.

ಎಲ್ಲರೂ ಎಡವುವುದು ಸಮಯದಲ್ಲಿ. ಜಯರಾಮವಾಟಿ, ಕಾಮಾರಪುಕುರ ಎರಡೂ ಕಡೆ ಮಧ್ಯಾಹ್ನ ಮಂದಿರ ಮುಚ್ಚಿದರೆ ಮತ್ತೆ ತೆರೆಯುವುದು ಇಳಿಹೊತ್ತಿಗೇ. ಬಿಷ್ಣುಪುರದಿಂದ ತಿಂಡಿ ಮುಗಿಸಿ ನಿಧಾನವಾಗಿ ಹೊರಟರೆ ಮುಚ್ಚಿದ ಬಾಗಿಲ ಮುಂದೆ ಕೂರಬೇಕಾಗುತ್ತದೆ. ಬೆಳಿಗ್ಗೆ ಆರೂವರೆಗೇ ಹೊರಡಿ. ಜಯರಾಮವಾಟಿ ತಲುಪಿದ ಕೂಡಲೇ ಆಶ್ರಮದ ಕಚೇರಿಯಲ್ಲಿ ಮಧ್ಯಾಹ್ನದ ಪ್ರಸಾದಕ್ಕೆ ಹೆಸರು ಬರೆಸಿ, ಆಮೇಲೆ ಮಾತೃಮಂದಿರ (1923ರಲ್ಲಿ ಪ್ರತಿಷ್ಠೆ), ಶ್ರೀಮಾತೆಯವರ ಹಳೆಯ ಮನೆ, ಸಿಂಹವಾಹಿನಿ ಗುಡಿ.

ಕಾಮಾರಪುಕುರ ಅಲ್ಲಿಂದ ಆರೇಳು ಕಿ.ಮೀ., ಟೋಟೊ ಸಾಕು. ಪರಮಹಂಸರು 1836ರಲ್ಲಿ ಹುಟ್ಟಿದ, ಭತ್ತ ಕುಟ್ಟುವ ಕೊಟ್ಟಿಗೆಯ ಜಾಗದಲ್ಲೇ 1951ರ ಮಂದಿರವಿದೆ. ರಘುವೀರನ ಗುಡಿ, ಯುಗಿ ಶಿವಮಂದಿರ, ಹಾಲ್ದಾರ್ ಕೆರೆ ಎಲ್ಲ ನಡೆದಾಡುವ ದೂರದಲ್ಲಿವೆ. ಅಲ್ಲಿನ ಬಿಳಿ ಬೂಂದಿಯನ್ನು ತಪ್ಪದೆ ತಿನ್ನಿ.

ಆ ರಾತ್ರಿ ಉಳಿಯಿರಿ ಎಂದೇ ನನ್ನ ಸಲಹೆ. ಸಂಜೆಯ ಆರತಿ ನೋಡದೆ ಮರಳಿದರೆ ಹಿರಿಯರಿಗೆ ಅರ್ಧ ಯಾತ್ರೆಯಾದಂತೆ. ಆಶ್ರಮದ ಅತಿಥಿಗೃಹಕ್ಕೆ ಬಹಳ ಮುಂಚೆ ಇಮೇಲ್ ಮಾಡಿ: ಎಲ್ಲರ ಹೆಸರು, ವಯಸ್ಸು, ಬರುವ ಹೋಗುವ ತಾರೀಖು. ಉತ್ತರದ ಮುದ್ರಿತ ಪ್ರತಿ, ಆಧಾರ್ ಜೊತೆಗಿರಲಿ.

ಖರಗ್‌ಪುರದ ಕನ್ನಡಿಗ: ಮರಳುವಾಗ ಬಿಷ್ಣುಪುರಕ್ಕೆ ಬರಬೇಡಿ. ಕಾಮಾರಪುಕುರದಿಂದ ಆರಾಮ್‌ಬಾಗ್‌ಗೆ ಹೋದರೆ ತಾರಕೇಶ್ವರದ ಮೇಲೆ ಹೌರಾಕ್ಕೆ ಲೋಕಲ್ ಸಿಗುತ್ತದೆ. ಮರುದಿನ ರಾಮಕೃಷ್ಣ ಮಠದ ಕೇಂದ್ರಸ್ಥಾನವಾದ ಬೇಲೂರು ಮಠ ನೋಡಿ ಹೌರಾದಿಂದಲೇ ಬೆಂಗಳೂರು ಗಾಡಿ ಹತ್ತಬಹುದು.

ನೇಯ್ಗೆ ಬಲ್ಲವರು: ಬಿಷ್ಣುಪುರದಲ್ಲಿ ಅಮ್ಮನಿಗೆ ಅಲ್ಲಿನ ಬಾಲುಚರಿ ಸೀರೆ ಕೊಳ್ಳುವುದಾದರೆ ಮಗ್ಗವಿರುವ ಮನೆಯಲ್ಲೇ ನೋಡಿ. ರೇಷ್ಮೆ ನೂಲಿನ ಕಥಾಚಿತ್ರವಿದ್ದರೆ ಬಾಲುಚರಿ, ಜರಿಯಲ್ಲಿದ್ದರೆ ಸ್ವರ್ಣಚರಿ. ಶುದ್ಧ ರೇಷ್ಮೆಯೆಂದು ಖಾತರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಕೇಳಿ.

ಆಶ್ರಮದ ಭಕ್ತೆ: ತಾರೀಖಿನ ಬಗ್ಗೆ ಒಂದು ಮಾತು. ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ, ಏಪ್ರಿಲ್, ಮೇ ಬೇಡ. ಚಳಿಗಾಲದಲ್ಲೂ ಡಿಸೆಂಬರ್ ಕೊನೆಯ ಬಿಷ್ಣುಪುರ ಮೇಳ, ಶ್ರೀಮಾತೆಯವರ ಜಯಂತಿ, ಜನವರಿ 1ರ ಕಲ್ಪತರು ಉತ್ಸವದ (ಪರಮಹಂಸರು ಭಕ್ತರನ್ನು ಹರಸಿದ ದಿನದ ನೆನಪು) ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ. ಜನವರಿ ಎರಡನೇ ವಾರದ ನಂತರ, ವಾರದ ನಡುವೆ ಹೋಗಿ.