‘ಇಮ್ಮರ್ಸಿವ್’ ಕಲೆಗೆ ‘ಮುಳುಗು’ ಸರಿಯೋ, ‘ಹೊಗು’ ಸರಿಯೋ?

ಗೆಳೆಯರೇ,

ಒಂದು ಪುಟ್ಟ ಅನುವಾದ ಕೈಯಲ್ಲಿದೆ. ಎರಡೇ ಪುಟ, ಆದರೆ ವಾರದಿಂದ ಮುಗಿಯುತ್ತಿಲ್ಲ. ಬ್ಯಾಕ್ಟೀರಿಯಾ ಸಂಶೋಧನೆಯನ್ನು ಹತ್ತಿರದಿಂದ ನೋಡಿದ ಕಲಾವಿದರೊಬ್ಬರು ಇಡೀ ಕೋಣೆಯನ್ನೇ ಕಲಾಕೃತಿ ಮಾಡಿದ್ದಾರೆ. ಬಾಗಿಲಲ್ಲಿ ಕೊಡುವ ಕರಪತ್ರ ಕನ್ನಡದಲ್ಲಿ ಆಗಬೇಕು. ಒಳಗೆ ಕತ್ತಲು. ಮೇಲಿಂದ ತೆಳು ಬಟ್ಟೆಯನ್ನು ಪದರಪದರವಾಗಿ ಇಳಿಬಿಟ್ಟಿದ್ದಾರೆ, ಲೋಳೆ ಇಳಿದ ಹಾಗೆ. ಒಬ್ಬರೇ ಹೋದರೆ ಏನೂ ಆಗುವುದಿಲ್ಲ. ಜನ ಸೇರಿ ಒಂದು ಲೆಕ್ಕ ದಾಟಿದರೆ ಬಟ್ಟೆಯ ಹಿಂದಿನ ನೀಲಿ ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತವೆ.

ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಇಮ್ಮರ್ಸಿವ್ ಇನ್‌ಸ್ಟಲೇಷನ್’, ಅಂದರೆ ನೋಡುಗರ ಸುತ್ತಲೂ ಹರಡಿದ, ಒಳಗೆ ಓಡಾಡಿ ನೋಡುವ ಕಲಾಕೃತಿ.

ಇನ್‌ಸ್ಟಲೇಷನ್‌ಗೆ ‘ಪ್ರತಿಷ್ಠಾಪನಾ ಕಲೆ’ ಅಂತ ಪತ್ರಿಕೆಗಳು ಬರೆಯುತ್ತವೆ. ನನಗೆ ಅದು ಪೂರ್ತಿ ಒಗ್ಗಿಲ್ಲ. ಪ್ರತಿಷ್ಠಾಪಿಸುವುದು ಅಂದರೆ ಇನ್ನು ಅಲುಗಾಡದ ಹಾಗೆ ನೆಲೆಗೊಳಿಸುವುದು. ಇದೋ, ಪ್ರದರ್ಶನ ಮುಗಿದ ಮರುದಿನ ಬಿಚ್ಚಿ ಪೆಟ್ಟಿಗೆಗೆ ತುಂಬುವಂಥದ್ದು. ಕಂಪ್ಯೂಟರ್ ಕನ್ನಡದ ‘ಅನುಸ್ಥಾಪನೆ’ ಇದಕ್ಕಿಂತ ಕಷ್ಟ. ಚಾಲ್ತಿಗೆ ಬಂದ ಪದದ ಜೊತೆ ಸುಮ್ನೆ ಜಗಳ ಯಾಕೆ ಅಂತ ಹಾಗೇ ಬಿಟ್ಟಿದ್ದೇನೆ.

ನಿಜವಾದ ತಕರಾರು ‘ಇಮ್ಮರ್ಸಿವ್’ ಜೊತೆ. ನಿಘಂಟು ತೆರೆದರೆ ‘ಮುಳುಗಿಸುವ’. ಆದರೆ ಕನ್ನಡದಲ್ಲಿ ಮುಳುಗುವುದು ಜಾಸ್ತಿ ಕೆಟ್ಟ ಸುದ್ದಿಯೇ. ಹಡಗು ಮುಳುಗುತ್ತದೆ, ಸಾಲದಲ್ಲಿ ಮುಳುಗುತ್ತಾರೆ. ಓದಿನಲ್ಲಿ, ಕೆಲಸದಲ್ಲಿ ಮುಳುಗಿದ್ದಾಳೆ ಅನ್ನುತ್ತೇವೆ, ನಿಜ. ಅಲ್ಲಿ ಮುಳುಗುವವಳು ಅವಳೇ. ಬೇರೆ ಯಾರೋ ‘ಮುಳುಗಿಸಿದರು’ ಅಂದರೆ ಮಾತ್ರ ದುಡ್ಡು ಹೋಯಿತು ಅಂತಲೇ ಅರ್ಥ! ‘ಮುಳುಗಿಸುವ ಕಲೆ’ ಅಂತ ಅಚ್ಚು ಹಾಕಿಸಿದರೆ ಬಾಗಿಲಲ್ಲೇ ಜನ ನಗುತ್ತಾರೆ.

‘ತಲ್ಲೀನ’, ‘ತನ್ಮಯ’ ಎರಡೂ ನೋಡುಗರ ಮನಸ್ಸಿನ ಸ್ಥಿತಿ. ಅಂಗೈಯಗಲದ ಚಿತ್ರ ನೋಡುತ್ತಲೂ ತನ್ಮಯರಾಗಬಹುದು. ಸುತ್ತಲೂ ಕಲಾಕೃತಿ ಇದೆ, ನಾವು ನಡುವೆ ನಿಂತಿದ್ದೇವೆ ಅನ್ನುವುದು ಅದರಲ್ಲಿ ಬರುವುದಿಲ್ಲ. ‘ಆವರಿಸುವ’ ಪರವಾಗಿಲ್ಲ. ಆದರೆ ಮಂಜು ಆವರಿಸುವಾಗ ನಾವು ಸುಮ್ಮನೆ ನಿಂತಿರುತ್ತೇವೆ. ಇಲ್ಲಿ ನಡೆಯಬೇಕು, ಬಟ್ಟೆ ಸರಿಸಬೇಕು.

ಕೊನೆಗೆ ನನಗೆ ಹಿಡಿಸಿದ್ದು ‘ಹೊಗು’. ‘ಒಳಹೊಕ್ಕು ನೋಡು’ ಅನ್ನುವ ಮಾತಿಗೆ ಎರಡು ಅರ್ಥ ಇದೆಯಲ್ವಾ? ಕಾಲಿಟ್ಟು ಒಳಗೆ ಹೋಗುವುದು ಒಂದು, ಆಳವಾಗಿ ಪರಿಶೀಲಿಸುವುದು ಇನ್ನೊಂದು. ಸೂಕ್ಷ್ಮದರ್ಶಕ ಮಾಡುವುದೂ ಇದನ್ನೇ. ದಿನವೂ ಬ್ಯಾಕ್ಟೀರಿಯಾ ನಮ್ಮನ್ನು ಹೊಗುತ್ತವೆ, ಈ ಕೋಣೆಯಲ್ಲಿ ನಾವು ಅವುಗಳ ಲೋಕವನ್ನು ಹೊಗುತ್ತೇವೆ. ಆದರೆ ಒಂದು ಎಡವಟ್ಟಾಯಿತು. ‘ಒಳಹೊಗುವ ಕಲೆ’ ಅಂತ ಬರೆದು ಕಳಿಸಿದ್ದೆ, ಕರಡು ತಿದ್ದಿದವರು ‘ಒಳಹೋಗುವ ಕಲೆ’ ಅಂತ ಮಾಡಿ ವಾಪಸ್ ಕಳಿಸಿದರು. ಅವರ ತಪ್ಪೇನಿಲ್ಲ. ‘ಹೊಗುವ’ ಕಣ್ಣಿಗೆ ಅಚ್ಚಿನ ತಪ್ಪಿನ ಹಾಗೇ ಕಾಣುತ್ತದೆ. ‘ಹೊಕ್ಕು’ ಅಂದರೆ ಆ ಗೊಂದಲ ಇಲ್ಲ. ಹಾಗಾಗಿ ‘ಹೊಕ್ಕು ನೋಡುವ ಕಲೆ’.

ಈ ಪದ ಬೇರೆ ಕೃತಿಗಳಿಗೂ ಹೊಂದುತ್ತದಾ ಅಂತ ಪರೀಕ್ಷೆ ಮಾಡಿದೆ. ಕಲಾವಿದ ಎಡ್ವಾರ್ಡೊ ಕಾಟ್ಸ್ ಅವರ ‘ಜೆನೆಸಿಸ್’, 1999ರದ್ದು. ನಮ್ಮಂಥ ಪದದ ಹುಚ್ಚಿನವರು ನೋಡಲೇಬೇಕಾದ ಕೆಲಸ ಅದು. ಬೈಬಲ್ಲಿನ ಒಂದು ವಾಕ್ಯವನ್ನು ಅವರು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತಕ್ಕೆ ತಿರುಗಿಸಿದರು. ಅಲ್ಲಿಂದ ಡಿಎನ್‌ಎ ಅಕ್ಷರಗಳಿಗೆ. ಗೆರೆಗೆ ಟಿ, ಚುಕ್ಕೆಗೆ ಸಿ, ಪದಗಳ ನಡುವಿನ ಜಾಗಕ್ಕೆ ಎ, ಅಕ್ಷರಗಳ ನಡುವಿನ ಜಾಗಕ್ಕೆ ಜಿ. ಹಾಗೆ ಹೆಣೆದ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಕತ್ತಲ ಕೋಣೆಯ ಗೋಡೆ ಮೇಲೆ ಬ್ಯಾಕ್ಟೀರಿಯಾ ತಟ್ಟೆಯ ದೊಡ್ಡ ಬಿಂಬ. ಇಂಟರ್ನೆಟ್‌ನಲ್ಲಿ ನೋಡುವವರು ಬಯಸಿದರೆ ನೇರಳಾತೀತ ದೀಪ ಹಚ್ಚಬಹುದಿತ್ತು. ಹಚ್ಚಿದರೆ ಜೀನ್ ಬದಲಾಗಬಹುದು, ಜೊತೆಗೆ ವಾಕ್ಯವೂ. ಮನುಷ್ಯನಿಗೆ ಎಲ್ಲ ಜೀವಿಗಳ ಮೇಲೆ ಅಧಿಕಾರ ಕೊಡುವ ವಾಕ್ಯ ಅದು. ಒಪ್ಪದವರೂ ಅದನ್ನು ಬದಲಿಸಲು ಗುಂಡಿ ಒತ್ತಿ ಅದೇ ಅಧಿಕಾರ ಚಲಾಯಿಸಬೇಕು! ಇಲ್ಲಿ ನೋಡುಗರು ಮುಳುಗಿಲ್ಲ, ಕೈ ಹಾಕಿದ್ದಾರೆ. ‘ಹೊಕ್ಕು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಕಲಾವಿದೆ ಆನಾ ಡುಮಿಟ್ರಿಯು ಅವರ ‘ಪ್ಲೇಗ್ ಡ್ರೆಸ್’ಗೆ ಹೊಂದುವುದಿಲ್ಲ. ಅದು 2018ರದ್ದು. 1665ರ ಕಾಲದ ಶೈಲಿಯ ರೇಷ್ಮೆ ಉಡುಪು, ಅದರ ಕಸೂತಿಯಲ್ಲಿ ಪ್ಲೇಗ್ ಬ್ಯಾಕ್ಟೀರಿಯಾದ ಡಿಎನ್‌ಎ. ಜೀವಂತ ಬ್ಯಾಕ್ಟೀರಿಯಾ ಇಲ್ಲ, ಬರೀ ಡಿಎನ್‌ಎ, ರೋಗದ ಭಯವಿಲ್ಲ. ಆದರೂ ಮುಟ್ಟಲು ಕೈ ಹಿಂದೆಮುಂದೆ ನೋಡುತ್ತದೆ. ಇದನ್ನು ಹೊಗುವುದಲ್ಲ. ಇದು ಸೋಂಕುವುದು.

‘ಸೋಂಕು’ ನೋಡಿ, ಎಂಥ ಪದ! ಈಗ ಅದು ಬರೀ ರೋಗದ ಪಾಲಾಗಿದೆ. ಮೂಲದಲ್ಲಿ ಸೋಂಕುವುದು ಅಂದರೆ ತಾಗುವುದು, ಮುಟ್ಟುವುದು, ಅಷ್ಟೇ. ಹತ್ತನೇ ಶತಮಾನದ ಪಂಪ ‘ತೆಂಕಣ ಗಾಳಿ ಸೋಂಕಿದೊಡಂ’ ಅಂದಾಗ ಯಾರಿಗೂ ಜ್ವರ ಬಂದಿರಲಿಲ್ಲ. ಅದೇ ಪದ್ಯದಲ್ಲಿ ಹಾಡು ‘ಕಿವಿವೊಕ್ಕೊಡಂ’ ಅನ್ನುತ್ತಾನೆ, ಅಂದರೆ ಕಿವಿಯನ್ನು ಹೊಕ್ಕರೆ. ನನಗೆ ಬೇಕಾದ ಎರಡೂ ಕ್ರಿಯಾಪದ ಒಂದೇ ಕಡೆ ಸಿಕ್ಕಿತು. ಕರಪತ್ರದ ಮೂಲದಲ್ಲಿ ‘ಈ ಕೋಣೆ ನಿಮ್ಮನ್ನು ಮುಟ್ಟುತ್ತದೆ’ ಅನ್ನುವ ಸಾಲಿದೆ. ಅಲ್ಲಿ ‘ನಿಮ್ಮನ್ನು ಸೋಂಕುತ್ತದೆ’ ಅಂತ ಹಾಕಲು ಕೈ ತುರಿಸುತ್ತಿದೆ. ಹಳೆ ಅರ್ಥ ಗೊತ್ತಿದ್ದವರು ಖುಷಿಪಡುತ್ತಾರೆ. ಗೊತ್ತಿಲ್ಲದವರು ಮಾಸ್ಕ್ ಹುಡುಕುತ್ತಾರೆ. ಬೇಕಾ ಈ ಸಾಹಸ?

ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ‘ಕಲ್ಚರ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಂತ್ರಾನುವಾದ ‘ಬ್ಯಾಕ್ಟೀರಿಯಾ ಸಂಸ್ಕೃತಿ’ ಅಂತ ಕೊಟ್ಟಿತು, ಸ್ವಲ್ಪ ಹೊತ್ತು ನಕ್ಕೆ. ‘ಅಂಗಾಂಶ ಕೃಷಿ’ ಪಠ್ಯಪುಸ್ತಕದಲ್ಲಿ ಇದ್ದೇ ಇದೆ, ಆ ದಾರಿಯಲ್ಲಿ ‘ಬ್ಯಾಕ್ಟೀರಿಯಾ ಕೃಷಿ’ ತಪ್ಪಲ್ಲ. ಲ್ಯಾಟಿನ್ ಮೂಲವೂ ಉಳುವುದು, ಬೆಳೆಸುವುದು ಅಂತಲೇ. ಆದರೆ ‘ಕಲ್ಚರ್‌ಗೆ ಕಳಿಸಿದ್ದಾರೆ, ರಿಪೋರ್ಟ್ ಬಂದಿಲ್ಲ’ ಅಂತಲೇ ಎಲ್ಲರೂ ಹೇಳುವುದು. ಕಲ್ಚರ್ ಅಂತಲೇ ಇಟ್ಟಿದ್ದೇನೆ.

ಬ್ಯಾಕ್ಟೀರಿಯಾ ಮದ್ದಿಗೆ ಸಾಯದೆ ಉಳಿಯುವ ‘ರೆಸಿಸ್ಟೆನ್ಸ್’ಗೆ ‘ಪ್ರತಿರೋಧ’ ಎಲ್ಲೆಡೆ ಇದೆ. ಕರಪತ್ರ 2016ರ ಹಾರ್ವರ್ಡ್ ಪ್ರಯೋಗವೊಂದನ್ನು ನೆನೆಯುತ್ತದೆ. 120 ಸೆಂಟಿಮೀಟರ್ ಉದ್ದ, 60 ಅಗಲದ ತಟ್ಟೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಅಗಾರ್ ಅನ್ನುವ ಲೋಳೆಯಂಥ ಪದಾರ್ಥ. ಅಂಚಿನಲ್ಲಿ ಆ್ಯಂಟಿಬಯೋಟಿಕ್ ಇಲ್ಲ, ನಡುವಿಗೆ ಹೋದಂತೆ ಪಟ್ಟಿ ಪಟ್ಟಿಗೆ ಹತ್ತು ಪಟ್ಟು ಜಾಸ್ತಿ. ಬ್ಯಾಕ್ಟೀರಿಯಾ ಗಡಿಯಲ್ಲಿ ತಡೆದು ನಿಲ್ಲುತ್ತವೆ. ಆಮೇಲೆ ಒಂದು ಜಾಗದಲ್ಲಿ ಗಡಿ ದಾಟಿ ಬೀಸಣಿಗೆಯ ಹಾಗೆ ಹರಡುತ್ತವೆ. ಎರಡು ವಾರದೊಳಗೆ ಸಾವಿರ ಪಟ್ಟು ಮದ್ದಿದ್ದ ಪಟ್ಟಿಯನ್ನೂ ಮುಟ್ಟಿದ್ದವು. ಆ ವಿಡಿಯೊ ನೋಡಿದ ಮೇಲೆ ‘ಪ್ರತಿರೋಧ’ ಸಪ್ಪೆ ಅನ್ನಿಸಿತು. ‘ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ’ ಅಂತ ಬರೆದೆ.

ಇನ್ನು ಉಳಿದಿದ್ದು ದೀಪಗಳ ವಿಷಯ, ‘ಕೋರಂ ಸೆನ್ಸಿಂಗ್’. ಬೆಳಕು ಬೀರುವ ಕೆಲವು ಬ್ಯಾಕ್ಟೀರಿಯಾ ಸಣ್ಣ ಅಣುಗಳನ್ನು ಹೊರಗೆ ಬಿಡುತ್ತಿರುತ್ತವೆ. ಸುತ್ತ ಅವು ಸಾಕಷ್ಟು ಸೇರಿದರೆ ‘ನಾವು ತುಂಬ ಜನ ಇದ್ದೇವೆ’ ಅಂತ ತಿಳಿದು ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಬಾಬ್‌ಟೇಲ್ ಸ್ಕ್ವಿಡ್ ಅನ್ನುವ ಪುಟ್ಟ ಕಡಲ ಜೀವಿಯ ಒಳಗೆ ನಡೆಯುವುದು ಇದೇ. 1994ರಲ್ಲಿ ಈ ಹೆಸರಿಟ್ಟವರು ಸಭೆಯ ಮಾತನ್ನೇ ಎರವಲು ಪಡೆದರು. ನಮ್ಮಲ್ಲೂ ‘ಕೋರಂ ಇಲ್ಲ, ಸಭೆ ಮುಂದಕ್ಕೆ’ ಅನ್ನುವುದು ರೂಢಿ. ‘ಕೋರಂ ಅರಿವು’, ‘ಗುಂಪರಿವು’, ‘ಎಣಿಕೆಯರಿವು’ ಮೂರನ್ನೂ ಬರೆದು ನೋಡಿದೆ. ‘ಗುಂಪರಿವು’ ಚಿಕ್ಕದು, ಆದರೆ ‘ಇಷ್ಟಾದರೆ ಸಾಕು’ ಅನ್ನುವ ಗಡಿರೇಖೆ ಅದರಲ್ಲಿಲ್ಲ. ಅದು ‘ಕೋರಂ’ನಲ್ಲಿ ಇದೆ.

ಬುಧವಾರ ಅಚ್ಚಿಗೆ ಹೋಗಬೇಕು. ‘ಹೊಕ್ಕು ನೋಡುವ ಪ್ರತಿಷ್ಠಾಪನಾ ಕಲೆ’ ಅಂತ ಒಮ್ಮೆ ಬಾಯಲ್ಲಿ ಹೇಳಿ ನೋಡಿ. ನನಗೆ ಉಸಿರು ಕಟ್ಟುತ್ತದೆ. ‘ಹೊಕ್ಕುನೋಟ’ ಅಂತ ಒಂದೇ ಪದ ಮಾಡಿದರೆ ಅರ್ಥ ಆಗುತ್ತದಾ, ಅಥವಾ ‘ಹೊಕ್ಕುಳ’ ಅಂತ ಓದಿಬಿಡುತ್ತಾರಾ?