ಸಹಾಯ ಬೇಕು: ಆಟಿಸಂ ಇರುವ ಮಗನಿಗೆ ಹಾಸನದಲ್ಲಿ ಸರ್ಕಾರಿ ಶಾಲೆ

ಎಲ್ಲರಿಗೂ ನಮಸ್ಕಾರ. ಮಗನಿಗೆ 7 ವರ್ಷ, ಆಟಿಸಂ ಇದೆ. ಮಾತು ಕಡಿಮೆ, ಆದರೆ ಬಸ್ಸಿನ ಬೋರ್ಡು ಕಂಡರೆ ಸಾಕು, ಬೇಲೂರು, ಅರಸೀಕೆರೆ, ಸಕಲೇಶಪುರ ಅಂತ ಗಟ್ಟಿಯಾಗಿ ಓದುತ್ತಾನೆ. ಶಾಲೆಯಲ್ಲಿ ಬೆಲ್ ಹೊಡೆದರೆ ಮಾತ್ರ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕೂತುಬಿಡುತ್ತಾನೆ. ಅಷ್ಟಕ್ಕೇ ಈಗಿನ ಖಾಸಗಿ ಶಾಲೆಯವರು ಶ್ಯಾಡೋ ಟೀಚರ್ (ತರಗತಿಯಲ್ಲಿ ಮಗುವಿನ ಜೊತೆಗೇ ಇದ್ದು ನೆರವಾಗುವವರು) ನೀವೇ ಇಟ್ಟುಕೊಳ್ಳಿ, ಇಲ್ಲ ಟಿಸಿ ತಗೊಳ್ಳಿ ಅನ್ನುತ್ತಿದ್ದಾರೆ. ಅಷ್ಟು ಸಂಬಳ ಕೊಡುವ ಶಕ್ತಿ ನಮಗಿಲ್ಲ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಅಂಗವೈಕಲ್ಯ ಶೇ 60 ಅಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತ ಶಿಕ್ಷಣದ ಹಕ್ಕಿದೆ ಅಲ್ವಾ?

ಹಾಸನದ ಕಡೆ ಇಂಥ ಮಕ್ಕಳನ್ನು ಅಕ್ಕರೆಯಿಂದ ನೋಡುವ ಸರ್ಕಾರಿ ಶಾಲೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಿಆರ್‌ಸಿಯ (ಬ್ಲಾಕ್ ಮಟ್ಟದ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ಇಂಥ ಮಕ್ಕಳ ಕಲಿಕೆಗೆ ನೆರವಾಗುವ ವಿಶೇಷ ಶಿಕ್ಷಕರ ನೆರವು ಪಡೆದವರಿದ್ದರೆ, ಅರ್ಜಿ ಯಾರಿಗೆ ಕೊಟ್ಟಿರಿ, ಅವರು ಶಾಲೆಗೇ ಬಂದು ಕಲಿಸುತ್ತಾರಾ, ಅದನ್ನೂ ಹೇಳಿ.