ಫೆರಿಟಿನ್ ಜಾಸ್ತಿ ಬಂದರೆ ಲಿವರ್‌ಗೆ ಸೂಜಿ ಹಾಕಲೇಬೇಕಾ?

ಪ್ರಶ್ನೆ (ಸೋಮವಾರಪೇಟೆ ಕಡೆಯ ತಾಯಿ): ಡಾಕ್ಟ್ರೇ, ಮಗನಿಗೆ 11 ವರ್ಷ, ಥಲಸ್ಸೇಮಿಯಾ ಮೇಜರ್ ಅನ್ನೋ ಹುಟ್ಟಿನಿಂದ ಬಂದ ರಕ್ತದ ಕಾಯಿಲೆ ಇದೆ. ಮೂರು ವಾರಕ್ಕೊಮ್ಮೆ ಮಡಿಕೇರಿಗೆ ಕರೆದುಕೊಂಡು ಹೋಗಿ ರಕ್ತ ಹಾಕಿಸುತ್ತೇವೆ. ಹೋದ ಸಲ ರಕ್ತಪರೀಕ್ಷೆಯಲ್ಲಿ ಫೆರಿಟಿನ್, ಅಂದ್ರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಸೂಚನೆ, 3,200 ಬಂತು, ಜಾಸ್ತಿಯಂತೆ. ಮೈಯಲ್ಲಿ ಕಬ್ಬಿಣ ಎಷ್ಟಿದೆ ನೋಡಬೇಕು, ಎಮ್ಆರ್‌ಐ ಮಾಡಿಸಿ ಅಂದಿದ್ದಾರೆ. ಲಿವರ್‌ಗೆ ಸೂಜಿ ಚುಚ್ಚಿ ಚೂರು ತೆಗೀತಾರೆ ಅಂತ ನೆಂಟರು ಹೆದರಿಸುತ್ತಾರೆ. ರಕ್ತದಲ್ಲೇ ಗೊತ್ತಾಯ್ತಲ್ವಾ, ಮತ್ತೆ ಇದೆಲ್ಲ ಬೇಕಾ? ಸೊಪ್ಪು ಕೊಡೋದನ್ನೂ ನಿಲ್ಲಿಸಿದ್ದೇನೆ.

ಉತ್ತರ (ರಕ್ತರೋಗ ವೈದ್ಯರು): ಅಮ್ಮಾ, ಎಮ್ಆರ್‌ಐನಲ್ಲಿ ಚೂರು ತೆಗೆಯೋದಿಲ್ಲ. ಎಕ್ಸ್‌ರೇ ಕಿರಣವೂ ಇಲ್ಲ.

ಫೆರಿಟಿನ್ ಒಂದನ್ನೇ ನಂಬಬೇಡಿ. ಮಳೆಗಾಲದಲ್ಲಿ ಜ್ವರ, ಸೋಂಕು ಬಂದರೂ ಅದು ಏರುತ್ತದೆ. ಕಬ್ಬಿಣ ಯಾವ ಅಂಗದಲ್ಲಿ ಕೂತಿದೆ ಅಂತ ಅದು ಹೇಳೋದಿಲ್ಲ.

ಟಿ-2 ಸ್ಟಾರ್ ಎಮ್ಆರ್‌ಐನಲ್ಲಿ ಒಂದೇ ಜಾಗದ ಚಿತ್ರವನ್ನು ಕ್ಷಣದ ಸಣ್ಣ ಸಣ್ಣ ಅಂತರದಲ್ಲಿ ಸಾಲಾಗಿ ತೆಗೆಯುತ್ತೇವೆ. ಒಳ್ಳೆಯ ಲಿವರ್ ನಿಧಾನಕ್ಕೆ ಮಂಕಾಗುತ್ತದೆ. ಕಬ್ಬಿಣ ತುಂಬಿದ ಲಿವರ್ ಎರಡು-ಮೂರನೇ ಚಿತ್ರಕ್ಕೇ ಕಪ್ಪಾಗಿಬಿಡುತ್ತದೆ. ಸಂಜೆ ಗದ್ದೆಯಲ್ಲಿ ಇನ್ನೂ ಬೆಳಕಿರುವಾಗಲೇ ಕಾಫಿ ತೋಟದೊಳಗೆ ಕತ್ತಲಾಗುತ್ತಲ್ಲ, ಹಾಗೆ. ಎಷ್ಟು ಬೇಗ ಕಪ್ಪಾಯಿತು ಅನ್ನುವುದೇ ಲೆಕ್ಕ. ಆ ಸಮಯದ ಸಂಖ್ಯೆಯನ್ನೇ ಟಿ-2 ಸ್ಟಾರ್ ಅನ್ನುತ್ತೇವೆ; ಅದು ಕಡಿಮೆ ಇದ್ದಷ್ಟೂ ಕಬ್ಬಿಣ ಜಾಸ್ತಿ.

ನಾನು ಮೊದಲು ನೋಡುವುದು ಹೃದಯ. ಅಲ್ಲಿ ಟಿ-2 ಸ್ಟಾರ್ 20 ಮಿಲಿಸೆಕೆಂಡಿಗಿಂತ ಮೇಲಿದ್ದರೆ ಸಮಾಧಾನ. 10ಕ್ಕಿಂತ ಕೆಳಗಿದ್ದರೆ ಹೃದಯ ಸೋಲುವ ಅಪಾಯ ಜಾಸ್ತಿ, ಚಿಕಿತ್ಸೆ ತಕ್ಷಣ ಬಿಗಿಯಾಗಬೇಕು. ಲಿವರ್ ಚೆನ್ನಾಗಿದ್ದು ಹೃದಯದಲ್ಲಿ ಕಬ್ಬಿಣ ಉಳಿದಿರುವ ಮಕ್ಕಳೂ ಇದ್ದಾರೆ. ಅದಕ್ಕೇ ಎರಡನ್ನೂ ನೋಡಲೇಬೇಕು.

ಸೊಪ್ಪು ಕೊಡಿ. ಒಂದು ಬ್ಯಾಗ್ ರಕ್ತದಲ್ಲೇ 200ರಿಂದ 250 ಮಿಲಿಗ್ರಾಂ ಕಬ್ಬಿಣ ಬರುತ್ತದೆ. ದೇಹದಿಂದ ತಾನಾಗಿ ಹೋಗುವುದು ದಿನಕ್ಕೆ 1-2 ಮಿಲಿಗ್ರಾಂ ಅಷ್ಟೇ. ಸೊಪ್ಪಿನದು ಅದರ ಮುಂದೆ ಏನೂ ಅಲ್ಲ. ಐರನ್ ಟಾನಿಕ್ ಮಾತ್ರ ಬೇಡ. ಕಬ್ಬಿಣ ಇಳಿಸುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ.

ಎಮ್ಆರ್‌ಐಗೆ ಮೈಸೂರಿಗೆ ಹೊರಡುವ ಮೊದಲು ಅಲ್ಲಿನ ಸ್ಕ್ಯಾನ್ ಸೆಂಟರ್‌ಗೆ ಫೋನ್ ಮಾಡಿ, "ಹೃದಯ, ಲಿವರ್ ಎರಡಕ್ಕೂ ಟಿ-2 ಸ್ಟಾರ್ ಮಾಡ್ತೀರಾ?" ಅಂತ ಕೇಳಿ. ಮೆಷಿನ್ ಇದ್ದ ಕಡೆಯಲ್ಲೆಲ್ಲ ಇದನ್ನು ಮಾಡೋದಿಲ್ಲ. ಸುಮ್ನೆ ಅಷ್ಟು ದೂರ ಹೋಗಿ ವಾಪಸ್ ಬರುವಂತಾಗಬಾರದು.

ತಾಯಿ: ಅವನು ಅಲುಗಾಡದೆ ಮಲಗೋದೇ ಇಲ್ಲ ಡಾಕ್ಟ್ರೇ.

ಉತ್ತರ: ಇವತ್ತಿಂದಲೇ ಆಟದ ಹಾಗೆ ಅಭ್ಯಾಸ ಮಾಡಿಸಿ. ಚಾಪೆ ಮೇಲೆ ಮಲಗಿಸಿ, ಉಸಿರು ಬಿಟ್ಟು ಹಿಡಿ ಅನ್ನಿ, 15 ಎಣಿಸಿ. ಒಳಗೆ ಸದ್ದು ಜೋರಾಗಿರುತ್ತದೆ ಅಂತ ಮೊದಲೇ ಹೇಳಿಡಿ. ಬೆಳ್ಳಿ ಉಡಿದಾರ ಇದ್ದರೆ ಮನೆಯಲ್ಲೇ ಬಿಚ್ಚಿಡಿ. ರಿಪೋರ್ಟ್ ಬಂದ ಮೇಲೆ ಹೃದಯದ ಸಂಖ್ಯೆ ಎಷ್ಟು ಅಂತ ಇಲ್ಲಿ ಬರೆಯಿರಿ, ನೋಡುತ್ತೇನೆ.